ಬಳೆಗಾರನ ಗುಂಡಿನ ಹತ್ತಿರ

ನೋಡವ್ವ, ನಿನ್ನ ಚಿತ್ರ ನೋಡಿದವರು ಯಾರೋ "ಇದು ನಿಮ್ಮ ಮೇಷ್ಟ್ರದ್ದೇ ಅಲ್ವಾ" ಅಂದರಂತೆ. ಅವತ್ತಿನಿಂದ ನೀನು ಕುಂಚ ಮುಟ್ಟಿಲ್ಲವೆಂದು ನಿಮ್ಮಮ್ಮ ಹೇಳಿದಳು. ಇನ್ನು ಗುರುಗಳ ಚಿತ್ರ ನೋಡಿ ಬರೆಯೋದೇ ಇಲ್ಲ ಅಂದೆಯಂತೆ. ಹಾಗೆ ಮಾಡಬೇಡ ತಾಯಿ.

ನಿನ್ನ ವಯಸ್ಸಿನಲ್ಲಿ ನಾನು ಒಂದು ಬೇಸಿಗೆ ಪೂರ್ತಿ ನನ್ನ ಗುರುಗಳ ಎತ್ತಿನ ಚಿತ್ರ ಒಂದನ್ನೇ ಬರೆದೆ. ಅವರು ಮಲೆನಾಡಿನವರು. ಅವರ ಎತ್ತು ಗಿಡ್ಡ ತಳಿಯದು, ಮೋಟು ಕೊಂಬು. ಭುಜ, ಬೆನ್ನು, ಕಾಲು ಎಲ್ಲ ಅವರದ್ದರಂತೆಯೇ ಬರುತ್ತಿತ್ತು, ಕೊಂಬಿಗೆ ಬಂದಾಗ ಮಾತ್ರ ಕೈ ತಪ್ಪುತ್ತಿತ್ತು. ಗೆರೆ ಹಿಂದಕ್ಕೆ ಬಾಗಿ ಉದ್ದಕ್ಕೆ ಹೋಗಿಬಿಡುತ್ತಿತ್ತು. ಅಳಿಸಿ ಅಳಿಸಿ ಕಾಗದ ತೂತಾಯಿತು. ಚಳ್ಳಕೆರೆ ಕಾವಲಿನಲ್ಲಿ ಅಮೃತ್ ಮಹಲ್ ದನ ನೋಡಿ ಬೆಳೆದ ಕೈ ಅದು, ಮೋಟು ಕೊಂಬು ಹೇಗೆ ಬರೆದೀತು? ಅಳಿಸಿದ್ದಕ್ಕೆ ಇವತ್ತಿಗೂ ನನಗೆ ಸಂಕಟವಿದೆ. ಅಷ್ಟು ದಿನದ ನಕಲಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಗೆರೆ. ನಕಲು ಮಾಡದೆ ಇದ್ದಿದ್ದರೆ ಅದೂ ಕಾಣುತ್ತಿರಲಿಲ್ಲ.

ನಮ್ಮ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಬಳೆಗಾರನ ಗುಂಡು ಇದೆಯಲ್ಲ, ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುತ್ತಿದ್ದ ಬಂಡೆ, ಅದರ ಮೇಲಿರುವುದು ಅಶೋಕನ ಶಾಸನ. ಅದೇ ಶಾಸನ ಬ್ರಹ್ಮಗಿರಿಯಲ್ಲೂ ಇದೆ, ಸಿದ್ದಾಪುರದಲ್ಲೂ ಇದೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಒಂದೇ ಆಜ್ಞೆಯ ಮೂರು ನಕಲು. ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತೂ ಅದರಲ್ಲಿದೆ. ಮಾತು ಹೆಚ್ಚುಕಡಿಮೆ ಒಂದೇ ಆದರೂ ಬಂಡೆ ಬೇರೆ. ಬ್ರಹ್ಮಗಿರಿಯಲ್ಲಿ 13 ಸಾಲಿಗೆ ಮುಗಿದದ್ದು ಸಿದ್ದಾಪುರದಲ್ಲಿ 22 ಸಾಲಿಗೆ ಹೋಗಿದೆ. ಬ್ರಹ್ಮಗಿರಿಯ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಶಾಸನವೆಲ್ಲ ಬ್ರಾಹ್ಮಿಯಲ್ಲಿ. 'ಲಿಪಿಕಾರ' ಎಂಬ ಪದವೊಂದನ್ನು ಮಾತ್ರ ದೂರದ ಗಾಂಧಾರದ ಕಡೆ ನಡೆಯುತ್ತಿದ್ದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಚಕ್ರವರ್ತಿಯ ಮಾತನ್ನು ನಿಷ್ಠೆಯಿಂದ ಇಳಿಸಿದ ಕೈ ತನ್ನ ಕಸುಬಿನ ಹೆಸರಿಗೆ ಬಂದಾಗ ತನ್ನ ಲಿಪಿಗೆ ಹೊರಳಿತೇನೋ ಅಂತ ನನಗನ್ನಿಸುತ್ತದೆ.

ಚಿತ್ರಗಾರರಲ್ಲೂ ಹೀಗೇ. ಕೆ. ವೆಂಕಟಪ್ಪನವರು ಮೈಸೂರಿನ ಅರಮನೆ ಚಿತ್ರಗಾರರ ಮನೆತನದವರು. 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ವರ್ಷಗಟ್ಟಲೆ ಗುರುವಿನ ದಾರಿಯಲ್ಲೇ ಪುರಾಣದ ಚಿತ್ರ ಬರೆದರು. ಆಮೇಲೆ ಊಟಿಯ ಮಂಜು, ಮೋಡದ ಮುಂದೆ ಕೂತು ಬರೆದ ಜಲವರ್ಣ ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಯಲ್ಲಿದೆ. ಒಮ್ಮೆ ಹೋಗಿ ನೋಡು.

ನಿನ್ನ ಬೆಟ್ಟದ ಚಿತ್ರ ನಾನೂ ನೋಡಿದೆ. ಬಂಡೆಯ ನೆರಳಿಗೆ ನೀಲಿ ಹಾಕಿದ್ದೀಯ. ಅದು ನಿಮ್ಮ ಮೇಷ್ಟ್ರ ನೀಲಿ, ಮಳೆಸೀಮೆಯ ಬಣ್ಣ. ನಮ್ಮ ಕಲ್ಲಿನ ನೆರಳಿಗೆ ಕೆಂಪು ಮಣ್ಣಿನ ಕಾವು ಹತ್ತಿರುತ್ತದೆ. ಅವರು ನೀಲಿ ಯಾಕೆ ಹಾಕಿದರು, ಯಾವ ಬಣ್ಣ ಮೊದಲು ಬಿಟ್ಟರು, ಎಲ್ಲಿ ಕಾಗದವನ್ನು ಬಿಳಿಯಾಗೇ ಉಳಿಸಿದರು, ಅದನ್ನು ನಕಲು ಮಾಡುತ್ತಲೇ ಕಲಿ. ಹಾಳೆಯ ಕೆಳಗೆ 'ಗುರುಗಳ ಚಿತ್ರ ನೋಡಿ ಬರೆದದ್ದು' ಅಂತ ಬರೆದಿಡು, ನಾಚಿಕೆ ಬೇಡ. ಕೈ ತಪ್ಪಿದ ಜಾಗವನ್ನು ಮಾತ್ರ ಅಳಿಸಬೇಡ ಕಣವ್ವ.

ಭಾನುವಾರ ಬಿಸಿಲೇರುವ ಮುಂಚೆ ಬೆಟ್ಟದ ಬುಡಕ್ಕೆ ಬಾ. ಮೇಷ್ಟ್ರ ಚಿತ್ರ ಮನೆಯಲ್ಲಿರಲಿ. ಮೆಟ್ಟಿಲು ಬಹಳ, ಕುಡಿಯೋಕೆ ಬೇರೆ, ಬಣ್ಣಕ್ಕೆ ಬೇರೆ ನೀರು ತಗೊಂಡು ಬಾ.