ಕಾಯಕ ಬದಲಿಸುವ ಮುನ್ನ ಮಕ್ಕಳ ಓದಿನ ಲೆಕ್ಕ



ಶ್ರೀಮಠದ ಕಚೇರಿಗೆ ಬರುವ ಭಕ್ತರಲ್ಲಿ ಅನೇಕರು ಪಾವತಿ ಪಡೆದ ಮೇಲೂ ಎದ್ದು ಹೋಗದೆ ಸ್ವಲ್ಪ ಹೊತ್ತು ಕೂಡುತ್ತಾರೆ. ಆಮೇಲೆ ಮಾತು ಹೊರಡುತ್ತದೆ. "ಅಂಗಡಿ ಮೊದಲಿನ್ಹಂಗ ನಡೆಯಂಗಿಲ್ಲ್ರಿ, ಬ್ಯಾರೆ ಏನರ ಮಾಡ್ಲೇನ್ರಿ?" ಎಂದು ವ್ಯಾಪಾರಸ್ಥರು ಕೇಳುತ್ತಾರೆ. "ಹೊಲ ಲಾವಣಿಗೆ ಕೊಟ್ಟು ಪುಣೆಗೆ ಹೋಗ್ಲೇನ್ರಿ?" ಎಂದು ಒಕ್ಕಲಿಗರು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಇದ್ದೇ ಇರುತ್ತದೆ: "ಹುಡುಗರ ಕಾಲೇಜು ಹತ್ರ ಬಂತು." ಇವೆರಡನ್ನೂ ಕೂಡಿಸಿ ಲೆಕ್ಕ ಹಾಕುವುದು ಹೇಗೆ ಎಂಬುದೇ ಈ ತಿಂಗಳ ಪಾಠ.

ಕಾಯಕ ಬದಲಿಸುವುದು ತಪ್ಪಲ್ಲ. ಶರಣರು ಕಾಯಕದಲ್ಲಿ ಮೇಲು ಕೀಳು ಎಣಿಸಲಿಲ್ಲ. ಆದರೆ ಒಂದು ಮಾತನ್ನು ನೆನಪಿಡಬೇಕು. ಹೊಸ ಉದ್ಯೋಗದಲ್ಲಿ ಲಾಭ ಬರುವ ದಿನ ಮುಂದೆ ಹೋಗಬಹುದು, ಮಗುವಿನ ಕಾಲೇಜಿನ ದಿನ ಮುಂದೆ ಹೋಗುವುದಿಲ್ಲ.

ನನ್ನದೇ ಒಂದು ತಪ್ಪು

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಿ.ಕಾಂ. ಮುಗಿಸಿ ನಾನು ಅನೇಕ ವರ್ಷ ಒಂದು ಅಡತಿ ಅಂಗಡಿಯಲ್ಲಿ ಕೀರ್ದಿ ಖಾತೆ ಬರೆದೆ. 2015ರಲ್ಲಿ ತೊಗರಿಬೇಳೆಯ ದರ ಕೆಲವು ಊರುಗಳಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಅದನ್ನು ನೋಡಿ 2016ರ ಆರಂಭದಲ್ಲಿ ನೌಕರಿ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿದೆ. ಮಗಳ ಓದಿಗೆಂದು ಇಟ್ಟಿದ್ದ ಠೇವು ಮುರಿಸಿ ಕ್ವಿಂಟಲಿಗೆ 8,500ರಂತೆ 20 ಕ್ವಿಂಟಲ್ ತೊಗರಿ ಹಿಡಿದೆ. ಒಟ್ಟು 1,70,000 ರೂಪಾಯಿ. ಇನ್ನೂ ಏರುತ್ತದೆಂದು ಕಾದೆ. ಮುಂದಿನ ಸುಗ್ಗಿಯಲ್ಲಿ ದೇಶದ ತುಂಬ ತೊಗರಿ ವಿಪರೀತ ಬೆಳೆಯಿತು. 2017ರ ಆರಂಭದಲ್ಲಿ ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಹೋಯಿತು. ನಾನು ಮಾರಿದ್ದು 4,500ಕ್ಕೆ. 80,000 ರೂಪಾಯಿ ಹೋಯಿತು, ಕೈಯಲ್ಲಿ ಪಗಾರವೂ ಇರಲಿಲ್ಲ.

ಮಗಳು ಆಗ ಹತ್ತನೆಯ ಇಯತ್ತೆ. ಎರಡು ವರ್ಷದಲ್ಲಿ ಹನ್ನೆರಡನೆಯದು ಮುಗಿಸಿ ಫೀ ಚೀಟಿ ತಂದು ನನ್ನ ಕೈಗೆ ಕೊಟ್ಟಳು. ಅವಳು ಏನೂ ಅನ್ನಲಿಲ್ಲ. ಸಾಲ ಮಾಡಿ ತುಂಬಿದೆ.

ವ್ಯಾಪಾರಕ್ಕೆ ಇಳಿದದ್ದು ನನ್ನ ತಪ್ಪಲ್ಲ. ನೌಕರಿಯನ್ನು ಒಮ್ಮೆಲೇ ಬಿಟ್ಟದ್ದು ಒಂದು ತಪ್ಪು. ಓದಿನ ಹಣವನ್ನು ವ್ಯಾಪಾರದ ಗಲ್ಲೆಗೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು.

ಮೊದಲು ಓದಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಈಗ ಒಂದು ಕೋರ್ಸಿಗೆ ಫೀ, ವಸತಿ, ಊಟ ಸೇರಿ 4 ಲಕ್ಷ ಬೇಕೆಂದು ತಿಳಿಯಿರಿ. ಮಗು ಆರನೆಯ ಇಯತ್ತೆಯಲ್ಲಿದೆ, ಕಾಲೇಜಿಗೆ ಇನ್ನು ಆರು ವರ್ಷ. ವರ್ಷಕ್ಕೆ ಶೇ. 8ರಂತೆ ಖರ್ಚು ಏರಿದರೆ ಆ ಹೊತ್ತಿಗೆ ಬೇಕಾಗುವುದು ಸುಮಾರು 6,35,000 ರೂಪಾಯಿ. ಶೇ. 6.5 ಬಡ್ಡಿ ಸಿಗುವಲ್ಲಿ ಇಂದಿನಿಂದಲೇ ಉಳಿಸಿದರೆ ತಿಂಗಳಿಗೆ ಸುಮಾರು 7,200 ರೂಪಾಯಿ ಸಾಕು. "ಹೊಸ ಉದ್ಯೋಗ ಕುದುರಲಿ, ಎರಡು ವರ್ಷ ಬಿಟ್ಟು ಕಟ್ಟಿದರಾಯಿತು" ಎಂದರೆ ತಿಂಗಳಿಗೆ ಸುಮಾರು 11,600 ಕಟ್ಟಬೇಕು. ಎರಡು ವರ್ಷ ಸುಮ್ಮನಿದ್ದುದರ ಬೆಲೆ ಇಷ್ಟು.

ಈ ಹಣ ಅಂಗಡಿಯ ಖಾತೆಯಲ್ಲಿರಬಾರದು. ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮುನ್ನ ಅಂಚೆ ಕಚೇರಿಯಲ್ಲಿ ಇಲ್ಲವೆ ಬ್ಯಾಂಕಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆಗೆಯಬಹುದು. 2015ರಲ್ಲಿ ಬಂದ ಈ ಯೋಜನೆಯಲ್ಲಿ, ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೆಯದು ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ಹಣ ತೆಗೆಯಲು ಬರುತ್ತದೆ. ಪಿ.ಪಿ.ಎಫ್. ಹದಿನೈದು ವರ್ಷದ ಖಾತೆಯಾದರೂ ಏಳನೆಯ ಆರ್ಥಿಕ ವರ್ಷದಿಂದ ಸ್ವಲ್ಪ ಭಾಗ ತೆಗೆಯಬಹುದು. ಎರಡರಲ್ಲೂ ಹಣ ಬೇಗ ಕೈಗೆ ಬಾರದು. ವ್ಯಾಪಾರಸ್ಥನ ಮನಸ್ಸಿಗೆ ಅದೇ ಒಳ್ಳೆಯ ಬೀಗ. ಕಾಲೇಜು ಎರಡು ಮೂರು ವರ್ಷದಲ್ಲೇ ಇದ್ದರೆ ಮುದ್ದತಿ ಠೇವು ಲೇಸು.

ಆಮೇಲೆ ಉದ್ಯೋಗದ ಲೆಕ್ಕ

ಕಳೆದ ವರ್ಷ ಅಕ್ಕಲಕೋಟೆ ಕಡೆಯ ಒಬ್ಬ ಭಕ್ತರು ಬಂದಿದ್ದರು. ಕಿರಾಣಿ ಅಂಗಡಿ, ಐದು ಎಕರೆ ಹೊಲ. ಮಗ ಒಂಬತ್ತನೆಯ ಇಯತ್ತೆ. ಅಂಗಡಿ ಮುಚ್ಚಿ ಐದೂ ಎಕರೆಗೆ ದಾಳಿಂಬೆ ಹಚ್ಚುವ ವಿಚಾರ. ದಾಳಿಂಬೆ ನಮ್ಮ ಸೀಮೆಗೆ ಹೊಸದಲ್ಲ. 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಆರಂಭವಾದದ್ದೂ ಸೊಲ್ಲಾಪುರದಲ್ಲೇ. ಆದರೆ ಹಚ್ಚಿದ ಮೊದಲ ಎರಡು ಮೂರು ವರ್ಷ ಹೇಳಿಕೊಳ್ಳುವಂಥ ಹುಟ್ಟುವಳಿ ಇಲ್ಲ, ಖರ್ಚು ಮಾತ್ರ. ಮೇಲೆ ತೇಲ್ಯಾ ರೋಗದ ಅಂಜಿಕೆ. ನಾವಿಬ್ಬರೂ ಒಂದೇ ಕಾಗದದ ಮೇಲೆ ಒಂದು ಕಡೆ ತೋಟದ ವರ್ಷಗಳನ್ನು, ಇನ್ನೊಂದು ಕಡೆ ಮಗನ ಇಯತ್ತೆಗಳನ್ನು ಬರೆದೆವು. ತೋಟದ ಮೊದಲ ಹಣ್ಣು, ಮಗನ ಹನ್ನೆರಡನೆಯ ಇಯತ್ತೆ ಹೆಚ್ಚುಕಡಿಮೆ ಒಂದೇ ವರ್ಷಕ್ಕೆ ಬಂದವು. ಆ ಬೆಳೆಗೆ ರೋಗ ಬಿದ್ದರೆ ಎರಡೂ ಕೆಟ್ಟಂತೆ.

ಅವರು ಬಹಳ ಹೊತ್ತು ಆ ಕಾಗದ ನೋಡಿದರು. ಕಡೆಗೆ ಒಂದು ಎಕರೆಗಷ್ಟೇ ದಾಳಿಂಬೆ, ಉಳಿದುದರಲ್ಲಿ ತೊಗರಿ ಜೋಳ ಎಂದಾಯಿತು. ಅಂಗಡಿಯನ್ನು ಮನೆಯವರು ನಡೆಸುತ್ತಿದ್ದಾರೆ, ಉದರಿ ಕೊಡುವುದನ್ನು ಕಡಿಮೆ ಮಾಡಿದ್ದಾರೆ. ತೋಟ ಕೈಹಿಡಿದರೆ ಮುಂದೆ ಹೆಚ್ಚಿಸಬಹುದು.

ಎಲ್ಲ ಉದ್ಯೋಗಕ್ಕೂ ಇದೇ ಅಳತೆ. ಹೊಸದು ಒಂದು ಪೂರ್ತಿ ವರ್ಷ ಮನೆಖರ್ಚು ತೂಗಿಸುವ ತನಕ ಹಳೆಯದನ್ನು ಪೂರ್ತಿ ಬಿಡಬಾರದು. ಬಿಡಲೇಬೇಕಾದರೆ ಒಂದು ವರ್ಷದ ಮನೆಖರ್ಚು ಬೇರೆ ತೆಗೆದಿಡಬೇಕು.

ಗಡಿಯವರು ಗಮನಿಸಬೇಕಾದದ್ದು

ಉದ್ಯೋಗಕ್ಕಾಗಿ ಊರು ಬಿಡುವವರು ಮಕ್ಕಳ ಶಾಲೆಯ ವಿಚಾರವನ್ನೂ ಮಾಡಬೇಕು. ಕರ್ನಾಟಕದ ಸಿ.ಇ.ಟಿ. ಪ್ರವೇಶದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಗಡಿನಾಡು ಕನ್ನಡಿಗರೆಂದು ಅವಕಾಶ ಉಂಟು. ಆದರೆ ಆ ಭಾಗದಲ್ಲಿ ಏಳು ವರ್ಷ ಓದಿರಬೇಕು, ಕನ್ನಡ ಪರೀಕ್ಷೆಯಲ್ಲಿ ಪಾಸಾಗಬೇಕು. ನಡುವೆ ಶಾಲೆ ಬಿಡಿಸಿ ದೂರ ಒಯ್ದರೆ ಈ ದಾರಿ ಮುಚ್ಚಬಹುದು. ಅರ್ಜಿ ಹಾಕುವ ವರ್ಷದ ನಿಯಮಪುಸ್ತಿಕೆ ಓದಿಯೇ ಮುಂದುವರಿಯಿರಿ.

ಮಹಾರಾಷ್ಟ್ರದಲ್ಲಿರುವವರಿಗೆ ಇನ್ನೊಂದು ಮಾತು. 2024ರ ಜುಲೈಯಲ್ಲಿ ಅಲ್ಲಿಯ ಸರಕಾರ, ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಒ.ಬಿ.ಸಿ., ಎಸ್.ಇ.ಬಿ.ಸಿ. ಮತ್ತು ಆರ್ಥಿಕವಾಗಿ ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ, ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಶಿಕ್ಷಣಕ್ಕೆ ಸೇರಿದರೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ ಮಾಡಿ ಆದೇಶ ಹೊರಡಿಸಿತು. ತಹಶೀಲ್ದಾರರ ಆದಾಯ ದಾಖಲೆ, ಜಾತಿಯ ದಾಖಲೆ ಮೊದಲೇ ಮಾಡಿಸಿಡಿ. ಪ್ರವೇಶದ ವಾರದಲ್ಲಿ ಓಡಾಡಿದರೆ ಸಿಗುವುದಿಲ್ಲ.

ಕೊರತೆ ಬಿದ್ದರೆ ಕೈಬದಲಿ ಸಾಲಕ್ಕಿಂತ ಬ್ಯಾಂಕಿನ ಶಿಕ್ಷಣ ಸಾಲ ಮೇಲು. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಬಳಿಕ ಕಂತು ಶುರುವಾಗುತ್ತದೆ. ಹೊಲ ಒತ್ತೆಯಿಟ್ಟು ಫೀ ತುಂಬುವುದು ಕಟ್ಟಕಡೆಯ ದಾರಿಯಾಗಲಿ.

ಮನೆಮಂದಿ ಕೂಡಿ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಪ್ರತಿ ಮಗುವಿನ ಕಾಲೇಜು ಯಾವ ವರ್ಷ? ಆಗ ಎಷ್ಟು ಬೇಕು?
2. ಆ ಹಣ ಅಂಗಡಿ, ಒಕ್ಕಲುತನದ ಹಣದಿಂದ ಬೇರೆ ಇದೆಯೇ?
3. ಹೊಸ ಉದ್ಯೋಗ ಎರಡು ವರ್ಷ ಏನೂ ಕೊಡದಿದ್ದರೆ ಮನೆ ಹೇಗೆ ನಡೆದೀತು?
4. ಹಳೆಯ ಉದ್ಯೋಗದ ನಿಜವಾದ ಲಾಭ ಎಷ್ಟು? ಉದರಿ ಕಳೆದು ಬರೆದಿದ್ದೇವೆಯೇ?
5. ಈ ವಿಚಾರವನ್ನು ಮನೆಯ ಹೆಣ್ಣುಮಕ್ಕಳಿಗೆ, ಓದುವ ಮಗುವಿಗೆ ತಿಳಿಸಿದ್ದೇವೆಯೇ?

ಐದನೆಯದನ್ನು ನಾನು 2016ರಲ್ಲಿ ಮಾಡಲಿಲ್ಲ. ಮಾಡಿದ್ದರೆ ಠೇವು ಮುರಿಸಲು ನನ್ನ ಮನೆಯವರು ಬಿಡುತ್ತಿರಲಿಲ್ಲ. ಮಗಳ ಓದು ದೇವರ ದಯದಿಂದ 2023ಕ್ಕೆ ಮುಗಿಯಿತು, ಸಾಲವೂ ತೀರಿತು. ಆದರೆ ಆ ಫೀ ಚೀಟಿ ಹಿಡಿದು ನಿಂತ ದಿನ ನಿಮಗೆ ಯಾರಿಗೂ ಬಾರದಿರಲಿ. ಕಾಗದ, ಪೆನ್ನು ತೆಗೆದುಕೊಂಡು ಇಂದೇ ಕೂಡಿರಿ. ಲೆಕ್ಕ ತೊಡಕಾದರೆ ಖಾತೆ ಪುಸ್ತಕದೊಡನೆ ಕಚೇರಿಗೆ ಬನ್ನಿ, ಕೂಡಿಯೇ ಬರೆಯೋಣ.

ಶರಣು ಶರಣಾರ್ಥಿ.
— ಕಾರ್ಯದರ್ಶಿ