ಇಂಟರ್‌ಲಾಕ್ ಆಮೇಲೆ, ಮೊದಲು ಮಣ್ಣು ಕಾಣ್

ಮಗಾ, ಹೊಸಮನೆಯ ತೋಟದ ಬದಿಗೆ ಸಂಜೆ ಕೂರಲು ಒಂದು ಅಂಗಳ ಕಟ್ಟಿಸುತ್ತೇನೆ ಅಂದೆಯಲ್ಲ. ನೀನು ಮೊಬೈಲಿಗೆ ಕಳಿಸಿದ ಇಂಟರ್‌ಲಾಕ್ ಚಿತ್ರಗಳೆಲ್ಲ ಚಂದವೇ. ಆದರೆ ಒಂದರಲ್ಲೂ ಮಳೆಗಾಲ ಕಾಣಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಹಾಗಾಗಿ ಬಣ್ಣ ಆರಿಸುವ ಮೊದಲು ಒಂದೂವರೆ ಅಡಿ ಗುಂಡಿ ತೋಡಿಸಿ ನೋಡು.

ಮುರಕಲ್ಲು ಸಿಕ್ಕಿತೋ, ನಿನ್ನ ಪುಣ್ಯ. ಅರ್ಧ ಪಂಚಾಂಗ ದೇವರೇ ಹಾಕಿಟ್ಟಿದ್ದಾನೆ. ಮರವಂತೆ, ಕೋಡಿಯಂಥ ಕಡಲಬದಿಯ ಹೊಯ್ಗೆಯೂ ಕೆಟ್ಟದ್ದಲ್ಲ. ನೀರು ಇಂಗಿಹೋಗುತ್ತದೆ, ಬದಿಗೆ ಜಾರದಂತೆ ಅಂಚು ಗಟ್ಟಿ ಕಟ್ಟಿದರಾಯಿತು. ಅಲ್ಲಿ ಕಾಂಕ್ರೀಟಿಗೆ ಸರಳು ಹಾಕಿಸಬೇಡ, ಉಪ್ಪುಗಾಳಿ ಅದನ್ನು ತಿಂದುಬಿಡುತ್ತದೆ.

ಹೆದರಬೇಕಾದದ್ದು ಶೇಡಿಮಣ್ಣಿಗೆ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಮುರಕಲ್ಲಿನ ಪದರ ಹೋಗಿ ಇದೇ ಮೇಲೆ ಬಂದಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಆಟಿಯಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ. ಅದರ ಮೇಲೆ ನೇರ ಜಲ್ಲಿ ಸುರಿದರೆ ಜಲ್ಲಿಯೂ ಕೆಸರಿನೊಳಗೆ ಇಳಿಯುತ್ತದೆ. ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿಸು, ಜಲ್ಲಿಯ ದಪ್ಪವನ್ನೂ ಹೆಚ್ಚಿಸು. ಬೈಲುಗದ್ದೆಗೆ ಕೆಂಪುಮಣ್ಣು ತುಂಬಿಸಿದ ಜಾಗವಾದರೆ ಇನ್ನೂ ತಾಳ್ಮೆ ಬೇಕು. ತುಂಬಿಸಿದ ಮಣ್ಣು ಒಂದು ಮಳೆಗಾಲ ಉಣ್ಣಲಿ, ಕೂರುವಷ್ಟು ಕೂರಲಿ. ಒಕ್ಕಲಿನ ದಿನಕ್ಕೇ ಎಲ್ಲ ಮುಗಿಯಬೇಕೆಂಬ ಹಟ ಯಾಕೆ ಮಾರಾಯ, ನೆಂಟರು ಕೂರಲು ಕುರ್ಚಿ ಇದೆಯಲ್ಲ!

ಹಿಂದಿನವರ ಅಂಗಳ ಮಳೆಯ ಜೊತೆ ಜಗಳಕ್ಕೆ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ಅದನ್ನು ಅದರ ಪಾಡಿಗೆ ಬಿಟ್ಟು, ನಡೆಯಲು ಅಡಿಕೆ ದಬ್ಬೆ ಹಾಕಿಕೊಳ್ಳುತ್ತಿದ್ದರು. ಮಳೆ ಬಿಟ್ಟ ಮೇಲೆ ಹುಲ್ಲು ಕೆತ್ತಿ, ಬಡಿದು, ಸೆಗಣಿ ಸಾರಿಸಿದರೆ ಭತ್ತಕ್ಕೂ ಅಡಿಕೆಗೂ ಸಿದ್ಧ. ನೀನು ಹಾಗೆ ಮಾಡು ಅನ್ನುವುದಿಲ್ಲ. ವರ್ಷವರ್ಷ ಸಾರಿಸುವ ಕೈ ಈಗ ಯಾವ ಮನೆಯಲ್ಲಿದೆ?

ಇಂಟರ್‌ಲಾಕೇ ಬೇಕಿದ್ದರೆ ಬೇರು ತುಂಬಿದ ಮೇಲ್ಮಣ್ಣು ಪೂರ್ತಿ ತೆಗೆಸು. ಆರು ಇಂಚು ಜಲ್ಲಿಯನ್ನು ಎರಡು ಸಲವಾಗಿ ಹಾಕಿ ಯಂತ್ರದಲ್ಲಿ ಬಡಿಸು. ಒಂದೇ ಸಲ ಸುರಿದು ಮೇಲಷ್ಟೇ ಬಡಿದರೆ ಅಡಿಯದ್ದು ಸಡಿಲವೇ ಉಳಿಯುತ್ತದೆ. ಅದರ ಮೇಲೆ ಒಂದಿಂಚು ಹೊಯ್ಗೆ, ಹೆಚ್ಚು ಬೇಡ. ಜನ ಓಡಾಡಲು 60 ಮಿ.ಮೀ. ದಪ್ಪದ ಬ್ಲಾಕ್ ಸಾಕು. ಕಾರೂ ಅಲ್ಲೇ ನಿಲ್ಲುವುದಾದರೆ 80. ಹತ್ತು ಅಡಿಗೆ ಎರಡಿಂಚು ಇಳಿಜಾರು ಇರಲಿ, ಮನೆಯ ಕಡೆಗಲ್ಲ, ತೋಟದ ಕಡೆಗೆ.

ಅಡಿಕೆ ಒಣಗಿಸಲು, ಗುಡಿಸಿ ಬಾಚಲು ಕಾಂಕ್ರೀಟೇ ಅನುಕೂಲ, ನಿಜ. ಹಾಗಂತ ಬಾವಿಕಟ್ಟೆಯವರೆಗೂ ಹಾಕಿಸಬೇಡ. ಮುರಕಲ್ಲಿನ ಬಾವಿ ಏಪ್ರಿಲ್, ಮೇ ತಿಂಗಳಲ್ಲಿ ತಳ ಕಾಣುವುದು ನಿನಗೆ ಗೊತ್ತೇ ಇದೆ. ಸುತ್ತಲ ನೆಲಕ್ಕೆ ಸಿಮೆಂಟು ಬಳಿದು, ಆಮೇಲೆ ಟ್ಯಾಂಕರಿಗೆ ಕಾಯುವವರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ಜಲ್ಲಿ ಬಡಿದು ಮುಗಿದ ದಿನ, ಹೊಯ್ಗೆ ಹಾಸುವ ಮೊದಲು, ಪೈಪು ಹಿಡಿದು ಅರ್ಧ ಗಂಟೆ ನೀರು ಬಿಡು. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸುಣ್ಣದ ಗುರುತು ಹಾಕಿ ಮತ್ತೆ ಬಡಿಸು. ಮೇಸ್ತ್ರಿ ಮುಖ ಸಿಂಡರಿಸುತ್ತಾನೆ. ಅವನಿಗೊಂದು ಚಾ ಕೊಡು, ಕೊನೆಯ ಕಂತಿನ ದುಡ್ಡು ಮಾತ್ರ ಆಮೇಲೆ.