ಹತ್ತೊಂಬತ್ತನೇ ಚಾನೆಲ್ ಕೇಳಬೇಕೆಂದಿದ್ದರೆ

ಅಮೆರಿಕದಲ್ಲಿ ನೆಲೆಸಿ, ರೇಡಿಯೋ ಸ್ಕ್ಯಾನರ್‌ನಲ್ಲಿ ಸಿಟಿಜನ್ಸ್ ಬ್ಯಾಂಡ್ (ಸಿಬಿ) ಕೇಳುವ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಏನೂ ಕೇಳಿಸುತ್ತಿಲ್ಲವೆಂದು ಸ್ಕ್ಯಾನರನ್ನು ದೂರುವ ಮೊದಲು ಆಂಟೆನಾ ನೋಡಿ. ಜೊತೆಗೆ ಬರುವ ಗೇಣುದ್ದದ ರಬ್ಬರ್ ಆಂಟೆನಾ ಇನ್ನೂ ಹೆಚ್ಚಿನ ಆವರ್ತನಗಳಿಗೆ ಹೇಳಿ ಮಾಡಿಸಿದ್ದು. ಸಿಬಿ ಇರುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಕಾಲು ತರಂಗದ ಉದ್ದವೇ ಸುಮಾರು 2.7 ಮೀಟರ್. ಅಷ್ಟುದ್ದದ ತಂತಿಯೊಂದನ್ನು ಕಿಟಕಿಯಾಚೆ ಇಳಿಬಿಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಬೇಡ, ಗುಡುಗು ಶುರುವಾದರೆ ಕಳಚಿಡಿ.

ಮೋಡ್ ಎಎಂಗೆ ಇರಲಿ. ಚಾನೆಲ್‌ಗಳು 40, ಒಂದೊಂದನ್ನೂ ಪಟ್ಟಿ ನೋಡಿಯೇ ತುಂಬಿಸಿ. ಏಕೆಂದರೆ ಆವರ್ತನದ ಏರಿಕೆಯ ಕ್ರಮದಲ್ಲಿ 22 ಆದಮೇಲೆ 24, 25 ಬಂದು, ನಂತರ 27.255ರಲ್ಲಿ 23 ಸಿಗುತ್ತದೆ! ಲಾರಿ ಚಾಲಕರ ಮಾತು ಹೆಚ್ಚಾಗಿ 19ರಲ್ಲಿ, ಅಂದರೆ 27.185ರಲ್ಲಿ. ಒಂಬತ್ತನೆಯದು ತುರ್ತು ಕರೆಗೆ ಮೀಸಲು. ಮೇಲಿನ ಚಾನೆಲ್‌ಗಳಲ್ಲಿ ಬಾತುಕೋಳಿ ಕೂಗಿನಂಥ ಸದ್ದು ಬಂದರೆ ಅದು ಎಸ್‌ಎಸ್‌ಬಿ ಎಂಬ ಬೇರೆ ಮೋಡ್. ಸಾಮಾನ್ಯ ಸ್ಕ್ಯಾನರ್‌ಗೆ ಬಿಡಿಸಲಾಗದು.

ಸ್ಕ್ವೆಲ್ಚ್ ಗುಂಡಿಯನ್ನು ಸುಯ್ ಎನ್ನುವ ಸದ್ದು ನಿಲ್ಲುವವರೆಗಷ್ಟೇ ತಿರುಗಿಸಿ. ಸ್ವಲ್ಪ ಹೆಚ್ಚಾದರೂ ದೂರದ ದನಿಗಳೆಲ್ಲ ಮುಚ್ಚಿಹೋಗುತ್ತವೆ, ಮತ್ತು ಕೇಳಬೇಕಾದದ್ದು ಅವನ್ನೇ. ಎಎಂನಲ್ಲಿ ಕಾನೂನು ಒಪ್ಪುವುದು 4 ವ್ಯಾಟ್ ಮಾತ್ರ. ಆದರೂ ಸೂರ್ಯಕಲೆಗಳು ಹೆಚ್ಚಿದ ವರ್ಷಗಳಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಮಾತು ಅಯಾನುಗೋಳಕ್ಕೆ ತಾಗಿ ನಿಮ್ಮ ಕೋಣೆಗೆ ಬಂದಿಳಿಯುತ್ತದೆ. ಹಗಲಲ್ಲೇ ಕಾದು ನೋಡಿ.

ಕಾರಿನಲ್ಲಿ ಸ್ಕ್ಯಾನರ್ ಒಯ್ಯುವವರು ಮೊದಲು ತಮ್ಮ ರಾಜ್ಯದ ನಿಯಮ ಓದಿಕೊಳ್ಳಿ. ನ್ಯೂಯಾರ್ಕ್‌ನಂಥ ಕಡೆ ಪೊಲೀಸ್ ತರಂಗಾಂತರ ಹಿಡಿಯಬಲ್ಲ ಉಪಕರಣವನ್ನು ವಾಹನದಲ್ಲಿ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿದೆ.